ಆಯ್ಕೆ ಯಾರಿಗಾಗಿ? ದೈವಿಕ ಆಯ್ಕೆ ಮತ್ತು ದೇವರ ನ್ಯಾಯ

ಸಂತ ಪೌಲರು ರೋಮನರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ, ದೇವರಲ್ಲಿ ಅನ್ಯಾಯವಿದೆಯೆಂದು ಹೇಳಬಹುದೇ ಎಂಬ ಪ್ರಶ್ನೆಯನ್ನು ತಾವೇ ಎತ್ತಿ, ಇಲ್ಲವೆಂದು ತಾವೇ ಉತ್ತರಿಸುತ್ತಾರೆ. ಯಕೋಬನೂ ಏಸಾವನೂ ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಒಬ್ಬನ ಆಯ್ಕೆ ನಡೆದುಹೋಗಿತ್ತು. ಫರೋಹನ ಹೃದಯ ಕಠಿಣಗೊಂಡಿತು. ಕುಂಬಾರನು ಒಂದೇ ಮಣ್ಣಿನ ಮುದ್ದೆಯಿಂದ ಗೌರವದ ಪಾತ್ರೆಯನ್ನೂ ಹೀನ ಬಳಕೆಯ ಪಾತ್ರೆಯನ್ನೂ ಮಾಡುತ್ತಾನೆ. ಈ ವಚನಗಳು ನಮ್ಮ ಭಾನುವಾರದ ವಾಚನಗಳಲ್ಲಿ ಬರುವುದಿಲ್ಲ. 'ಎ' ವರ್ಷದ ಸಾಮಾನ್ಯ ಕಾಲದ 19ನೇ ಭಾನುವಾರ ಆ ಅಧ್ಯಾಯದ ಮೊದಲ ಐದು ವಚನಗಳನ್ನು ಓದಿ, ಮರುವಾರ ನಾವು 11ನೇ ಅಧ್ಯಾಯಕ್ಕೆ ದಾಟುತ್ತೇವೆ. ಆದರೆ ಮನೆಯಲ್ಲಿ ಬೈಬಲ್ ಓದುವ ಭಕ್ತರು ಹಾಗೆ ದಾಟಿಹೋಗುವುದಿಲ್ಲ.

ಅವರು ನಮ್ಮ ಬಳಿಗೆ ತರುವ ಪ್ರಶ್ನೆಗೆ ಬಹುಮಟ್ಟಿಗೆ ಒಂದು ಮುಖವಿರುತ್ತದೆ. ಕುಟುಂಬದಲ್ಲಿ ತಾವೊಬ್ಬರೇ ದೀಕ್ಷಾಸ್ನಾನ ಪಡೆದವರು, ಕ್ರಿಸ್ತರನ್ನು ಅರಿಯದೆ ತೀರಿಕೊಂಡ ತಂದೆಯ ವಿಷಯವಾಗಿ ಕೇಳುತ್ತಾರೆ: ನನ್ನನ್ನು ಆರಿಸಿಕೊಂಡ ದೇವರು ಅಪ್ಪನನ್ನೇಕೆ ಬಿಟ್ಟರು? ಇದಲ್ಲದೆ, ಕನ್ನಡದ ಕಿವಿಗೆ 'ಪೂರ್ವನಿರ್ಧಾರ'ವೆಂಬ ಮಾತು 'ಹಣೆಬರಹ'ವೆಂದೇ ಕೇಳಿಸುವ ಅಪಾಯವೂ ಇದೆ. ಬರೆದದ್ದು ಅಳಿಯದೆಂದ ಮೇಲೆ ಪ್ರಾರ್ಥನೆಗೂ ಪಶ್ಚಾತ್ತಾಪಕ್ಕೂ ಅರ್ಥವೇ ಉಳಿಯದು. ಆದಕಾರಣ ಧರ್ಮಸಭೆಯು ಈ ಬೋಧೆಯನ್ನು ಹೇಗೆ ಅರಿತಿದೆಯೆಂಬುದನ್ನು ಕ್ರಮವಾಗಿ ಪರಿಶೀಲಿಸೋಣ.

ಪಶ್ಚಿಮ ಧರ್ಮಸಭೆಯಲ್ಲಿ ಈ ಚರ್ಚೆಗೆ ಚೌಕಟ್ಟು ಹಾಕಿದವರು ಸಂತ ಅಗಸ್ಟೀನರು. 396ರ ಸುಮಾರಿಗೆ ಸಿಂಪ್ಲಿಸಿಯಾನರಿಗೆ ಬರೆದ ಉತ್ತರದಲ್ಲಿ ಅವರು ಮಾನವಕುಲವನ್ನು ಪಾಪದ ಒಂದೇ ಮುದ್ದೆಯೆಂದು ಕಂಡರು. ಕೃಪೆಯ ಮೇಲೆ ಯಾರಿಗೂ ಹಕ್ಕಿಲ್ಲ. ಒಬ್ಬ ಸಾಲಗಾರನಿಗೆ ಮನ್ನಾ ಮಾಡಿ ಇನ್ನೊಬ್ಬನಿಂದ ವಸೂಲು ಮಾಡುವ ಧಣಿಯನ್ನು ಅನ್ಯಾಯಗಾರನೆನ್ನಲಾಗದು. ಈ ವಾದವು ಕೃಪೆಯು ಸಂಬಳವಲ್ಲವೆಂಬ ಸತ್ಯವನ್ನು ಕಾಪಾಡುತ್ತದೆ. ಆದರೆ ಇಬ್ಬರೂ ಸಮಾನವಾಗಿ ಅನರ್ಹರಾಗಿರುವಾಗ ಇವನೇಕೆ, ಅವನೇಕಲ್ಲ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ. ಎಲ್ಲರೂ ಜೀವೋದ್ಧಾರ ಹೊಂದಬೇಕೆಂಬುದು ದೇವರ ಇಚ್ಛೆಯೆನ್ನುವ ತಿಮೊಥೇಯನಿಗೆ ಬರೆದ ಮೊದಲ ಪತ್ರದ ಮಾತನ್ನು ಅಗಸ್ಟೀನರು ಎಲ್ಲ ಬಗೆಯ ಜನರಿಗೆ ಸಂಬಂಧಿಸಿದ್ದೆಂದು ಸಂಕುಚಿತಗೊಳಿಸಬೇಕಾಯಿತು.

ಧರ್ಮಸಭೆಯು ಅಗಸ್ಟೀನರ ಮೂಲ ಒಳನೋಟವನ್ನು ಸ್ವೀಕರಿಸಿತು. ಅವರ ಪ್ರತಿಯೊಂದು ತೀರ್ಮಾನವನ್ನೂ ಸ್ವೀಕರಿಸಲಿಲ್ಲ. 529ರ ಆರೇಂಜ್ ಸಭೆಯು ವಿಶ್ವಾಸದ ಮೊದಲ ಬಯಕೆಯೂ ಕೃಪೆಯ ಕೊಡುಗೆಯೆಂದು ಬೋಧಿಸಿತು. ಅದರ ಜೊತೆಗೇ, ದೇವರು ಯಾರನ್ನಾದರೂ ಕೆಡುಕಿಗಾಗಿ ಮುಂಚಿತವಾಗಿ ನೇಮಿಸಿದ್ದಾರೆಂಬ ಮತವನ್ನು ಖಂಡಿಸಿತು. ಗೊಟ್ಶಾಲ್ಕ್ ಎಂಬ ಸನ್ಯಾಸಿಯ ಬೋಧೆಯ ಸಂಬಂಧವಾಗಿ ಕೂಡಿದ 853ರ ಕೀರ್ಸಿ ಸಭೆಯು, ಕ್ರಿಸ್ತರು ಯಾರೊಬ್ಬರನ್ನೂ ಬಿಡದೆ ಎಲ್ಲರಿಗಾಗಿ ಯಾತನೆಪಟ್ಟರೆಂದು ಸಾರಿತು. ಕೃಪೆ ಮತ್ತು ಸ್ವಾತಂತ್ರ್ಯ ಹೇಗೆ ಕೂಡಿ ಕೆಲಸ ಮಾಡುತ್ತವೆಂಬ ಬಗ್ಗೆ ಡೊಮಿನಿಕನ್ ಮತ್ತು ಯೇಸುಸಭೆಯ ಪಂಡಿತರ ನಡುವಿನ ವಾದವನ್ನು ರೋಮಿನ ಆಯೋಗವು 1597ರಿಂದ ಹತ್ತು ವರ್ಷ ಆಲಿಸಿತು. 1607ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ತೀರ್ಪು ಕೊಡದೆ, ಪರಸ್ಪರ ಖಂಡಿಸಬಾರದೆಂದಷ್ಟೇ ಆಜ್ಞಾಪಿಸಿದರು. ಎರಡು ಬೇಲಿಗಳು ಗಟ್ಟಿಯಾಗಿವೆ: ಜೀವೋದ್ಧಾರ ಪೂರ್ಣವಾಗಿ ಕೃಪೆ, ನಾಶಕ್ಕೆ ದೇವರು ಯಾರನ್ನೂ ನೇಮಿಸಿಲ್ಲ. ಇವುಗಳ ನಡುವಿನ ಹೊಲದಲ್ಲಿ ಚಿಂತನೆಗೆ ಸ್ಥಳವಿದೆ.

ಈಗ ಪೌಲರ ಕಡೆಗೆ ಹಿಂತಿರುಗೋಣ. 9ರಿಂದ 11ರವರೆಗಿನ ಅಧ್ಯಾಯಗಳು ಒಂದೇ ವಾದ. ಅಲ್ಲಿನ ಸಂಕಟವು ಇಸ್ರಯೇಲನ್ನು ಕುರಿತದ್ದು: ವಾಗ್ದಾನ ಪಡೆದ ಜನರಲ್ಲಿ ಬಹುಮಂದಿ ಮೆಸ್ಸೀಯರನ್ನು ಸ್ವೀಕರಿಸದಿರುವಾಗ, ದೇವರ ಮಾತು ಬಿದ್ದುಹೋಯಿತೇ? ಯಕೋಬ-ಏಸಾವರ ಪ್ರಸ್ತಾಪದಲ್ಲಿ ಪೌಲರು ನೆನೆಯುವ ಮಲಾಕಿಯ ವಾಕ್ಯವು ಇಸ್ರಯೇಲ್ ಮತ್ತು ಎದೋಮ್ ಎಂಬ ಎರಡು ಜನಾಂಗಗಳನ್ನು ಕುರಿತದ್ದು. ಕುಂಬಾರನ ಹೋಲಿಕೆಯ ಹಿಂದೆ ಯೆರೆಮೀಯನ 18ನೇ ಅಧ್ಯಾಯವೂ ಇದೆ. ಅಲ್ಲಿ ಕೆಟ್ಟುಹೋದ ಮಣ್ಣನ್ನು ಕುಂಬಾರನು ಎಸೆಯದೆ ಮತ್ತೊಂದು ಪಾತ್ರೆಯಾಗಿ ರೂಪಿಸುತ್ತಾನೆ. ವಾದದ ಕೊನೆಯಲ್ಲಿ ಇಸ್ರಯೇಲಿನ ಎಡವುವಿಕೆಯೇ ಅನ್ಯಜನರಿಗೆ ಬಾಗಿಲಾಗುತ್ತದೆ. ಅನ್ಯಜನರು ಪಡೆದ ಕರುಣೆ ಇಸ್ರಯೇಲಿಗೆ ಹಿಂದಿರುಗುತ್ತದೆ. 11:32ರಲ್ಲಿ ಪೌಲರು ಮುಟ್ಟುವ ಗುರಿ ಎಲ್ಲರ ಮೇಲಿನ ಕರುಣೆ. 9ನೇ ಅಧ್ಯಾಯವನ್ನು 11ರಿಂದ ಕತ್ತರಿಸಿ ಓದಿದಾಗಲೇ ದೇವರು ಪಕ್ಷಪಾತಿಯಾಗಿ ಕಾಣುತ್ತಾರೆ.

ಹಳೆಯ ಒಡಂಬಡಿಕೆಯ ಕಥನಗಳೂ ಇದನ್ನೇ ಹೇಳುತ್ತವೆ. ಅಬ್ರಹಾಮನ ಕರೆಯಲ್ಲಿಯೇ ಭೂಮಿಯ ಎಲ್ಲ ಕುಲಗಳ ಆಶೀರ್ವಾದ ಅಡಗಿದೆ. ಇಸಾಕನು ಆಯ್ಕೆಯಾದನು, ಆದರೆ ಅಡವಿಯಲ್ಲಿ ಇಷ್ಮಾಯೇಲನ ಅಳುವನ್ನು ದೇವರು ಕೇಳಿದರು, ಅವನನ್ನೂ ಮಹಾಜನಾಂಗವಾಗಿ ಮಾಡುವುದಾಗಿ ಮಾತು ಕೊಟ್ಟರು. ಏಸಾವನಿಗೆ ಸೇಯೀರಿನ ನಾಡನ್ನು ದೇವರೇ ಕೊಟ್ಟರು. ಓಡಿಬಂದು ತಮ್ಮನನ್ನು ಅಪ್ಪಿಕೊಂಡವನೂ ಏಸಾವನೇ. ಸೋದರರು ಗುಂಡಿಗೆ ನೂಕಿ ಮಾರಿದ ಯೋಸೇಫನು ಆ ಸೋದರರನ್ನೇ ಬರಗಾಲದಲ್ಲಿ ಉಳಿಸಿದನು. ಪ್ರವಾದಿ ಆಮೋಸನಂತೂ, ಆಯ್ಕೆಯಾದ ಕಾರಣದಿಂದಲೇ ಇಸ್ರಯೇಲ್ ಹೆಚ್ಚಿನ ಲೆಕ್ಕ ಕೊಡಬೇಕೆನ್ನುತ್ತಾನೆ. ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನಾಡಿನಿಂದ ಕರೆತಂದವರು ಅದೇ ದೇವರೆಂದು ನೆನಪಿಸುತ್ತಾನೆ.

ನಮ್ಮ ಭಾಷೆಯಲ್ಲಿ 'ಆರಿಸುವುದು' ಎಂಬುದಕ್ಕೆ ಎರಡು ಅನುಭವಗಳಿವೆ. ಅಡುಗೆಮನೆಯಲ್ಲಿ ಅಕ್ಕಿ ಆರಿಸುವಾಗ ಕಲ್ಲು ಹೊರಗೆ ಬೀಳುತ್ತದೆ. ರೈತನು ಬಿತ್ತನೆಗೆ ತೆನೆ ಆರಿಸುವಾಗ ಹಾಗಲ್ಲ: ಉಳಿದ ತೆನೆ ಕಣಜಕ್ಕೆ ಹೋಗುತ್ತದೆ, ಆರಿಸಿದ್ದು ಮಣ್ಣಿಗೆ ಹೋಗಿ ಮುಂದಿನ ಬೆಳೆಗಾಗಿ ತನ್ನನ್ನು ಕಳೆದುಕೊಳ್ಳುತ್ತದೆ. ಶ್ರೀಗ್ರಂಥದ ಆಯ್ಕೆ ಈ ಎರಡನೆಯ ಬಗೆಯದು. ಯೇಸುಸ್ವಾಮಿ ತಮ್ಮನ್ನು ನೆಲಕ್ಕೆ ಬಿದ್ದ ಗೋಧಿಯ ಕಾಳಿಗೆ ಹೋಲಿಸಿಕೊಂಡರು. ಎಫೆಸದವರಿಗೆ ಬರೆದ ಪತ್ರದ ಪ್ರಕಾರ ನಾವು ಆಯ್ಕೆಯಾಗಿರುವುದು ಕ್ರಿಸ್ತರಲ್ಲಿ. ಮೊದಲು ಆಯ್ಕೆಯಾದವರು ಅವರೇ. ರಿಫಾರ್ಮ್ಡ್ ಪರಂಪರೆಯ ಕಾರ್ಲ್ ಬಾರ್ತ್ ಅವರು 1942ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಆಯ್ಕೆಯಾದವರೂ ತಿರಸ್ಕೃತರಾದವರೂ ಕ್ರಿಸ್ತರೇ ಎಂದು ವಿವರಿಸಿ ಕ್ಯಾಲ್ವಿನರ ಬೋಧೆಯನ್ನು ಒಳಗಿನಿಂದಲೇ ತಿದ್ದಿದರು. ಅವರ ಎಲ್ಲ ನಿರ್ಣಯಗಳನ್ನು ಒಪ್ಪದೆಯೂ ನಾವು ಇದರಿಂದ ಕಲಿಯಬಹುದು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು ಇದೇ ದಾರಿಯಲ್ಲಿ ನಡೆಯಿತು. 1964ರ 'ಲೂಮೆನ್ ಜೆನ್ಸಿಯುಂ' 16ನೇ ಪರಿಚ್ಛೇದವು, ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದವರೂ, ಪ್ರಾಮಾಣಿಕವಾಗಿ ದೇವರನ್ನು ಅರಸಿ ಕೃಪೆಯ ಪ್ರೇರಣೆಯಿಂದ ಮನಸ್ಸಾಕ್ಷಿಗೆ ವಿಧೇಯರಾದರೆ, ಜೀವೋದ್ಧಾರ ಹೊಂದಬಲ್ಲರೆನ್ನುತ್ತದೆ. 1965ರ 'ಗೌದಿಯುಂ ಎತ್ ಸ್ಪೆಸ್' 22ನೇ ಪರಿಚ್ಛೇದದ ಪ್ರಕಾರ, ದೇವರಿಗೆ ತಿಳಿದ ರೀತಿಯಲ್ಲಿ ಪವಿತ್ರಾತ್ಮರು ಪ್ರತಿಯೊಬ್ಬರಿಗೂ ಪಾಸ್ಕ ರಹಸ್ಯದಲ್ಲಿ ಪಾಲುಗೊಳ್ಳುವ ಸಾಧ್ಯತೆಯನ್ನು ನೀಡುತ್ತಾರೆ. ಅದೇ 'ಲೂಮೆನ್ ಜೆನ್ಸಿಯುಂ' 14ನೇ ಪರಿಚ್ಛೇದವು, ಪಡೆದ ಕೃಪೆಗೆ ಸ್ಪಂದಿಸದ ಧರ್ಮಸಭೆಯ ಮಕ್ಕಳಿಗೆ ತೀರ್ಪು ಹೆಚ್ಚು ಕಠಿಣವೆಂದು ಎಚ್ಚರಿಸುತ್ತದೆ. ಆಮೋಸನ ದನಿ ಇಲ್ಲಿ ಮತ್ತೆ ಕೇಳಿಸುತ್ತದೆ.

ಹಾಗಾದರೆ ಸುವಾರ್ತೆ ಸಾರುವುದೇಕೆ ಎಂದು ಗುರುಅಭ್ಯರ್ಥಿಗಳು ಕೇಳುವುದುಂಟು. ಇತರರಿಗಾಗಿ ಆಯ್ಕೆಯಾದವನು ತನಗೆ ದೊರೆತದ್ದನ್ನು ಬಚ್ಚಿಟ್ಟುಕೊಂಡರೆ ಆಯ್ಕೆಯ ಅರ್ಥವನ್ನೇ ಕಳೆದುಕೊಳ್ಳುತ್ತಾನೆ. ಇದರ ಜೊತೆಗೆ, ಮನುಷ್ಯನು ದೇವರನ್ನು ಕೊನೆಯವರೆಗೂ ನಿರಾಕರಿಸಬಲ್ಲನೆಂಬುದನ್ನೂ ಮರೆಯುವಂತಿಲ್ಲ. ಎಲ್ಲರೂ ಖಂಡಿತವಾಗಿ ಉದ್ಧಾರವಾಗುತ್ತಾರೆಂದು ಧರ್ಮಸಭೆ ಬೋಧಿಸಿಲ್ಲ. ಇಂಥ ವ್ಯಕ್ತಿ ನರಕದಲ್ಲಿದ್ದಾನೆಂದೂ ಎಂದೂ ಘೋಷಿಸಿಲ್ಲ. ಒಬ್ಬನು ಚಿಕ್ಕಂದಿನಲ್ಲೇ ಶುಭಸಂದೇಶ ಕೇಳಿದ, ಇನ್ನೊಬ್ಬನು ಜೀವಮಾನವಿಡೀ ಕೇಳಲಿಲ್ಲವೆಂಬ ಅಂತರದ ಕಾರಣವನ್ನು ನಾವು ವಿವರಿಸಲಾರೆವು. ಪೌಲರೂ ಆ ಸ್ಥಳದಲ್ಲಿ ವಾದವನ್ನು ನಿಲ್ಲಿಸಿ ಸ್ತುತಿಗೆ ತಿರುಗಿದರು.

ಆದ್ದರಿಂದ, ತೀರಿಹೋದ ತಂದೆಯನ್ನು ಕುರಿತು ಕೇಳುವ ಮಗಳಿಗೆ ನಾವು ಅಪ್ಪನ ಹಣೆಬರಹವನ್ನು ಓದಿಹೇಳಬೇಕಾಗಿಲ್ಲ. ಕ್ರಿಸ್ತರು ಆತನಿಗಾಗಿಯೂ ಪ್ರಾಣಕೊಟ್ಟರೆಂದು ಖಚಿತವಾಗಿ ಹೇಳಬಹುದು. ಬಲಿಪೂಜೆಯಲ್ಲಿ ಆತನನ್ನು ದೇವರಿಗೆ ಒಪ್ಪಿಸಬಹುದು. ಆಕೆ ಆಯ್ಕೆಯಾಗಿದ್ದಾಳೆ, ಆತನನ್ನು ಹಿಂದೆ ಬಿಡಲಿಕ್ಕಾಗಿ ಅಲ್ಲ. ಆತನಿಗಾಗಿ ಪ್ರಾರ್ಥಿಸಲು ಆ ಮನೆಯಲ್ಲಿ ಒಬ್ಬರಾದರೂ ಇರಲಿ ಎಂದು.