ಬುಗುರಿಯೊಂದು, ಪಾಠಗಳು ಹಲವು

ಪಾಠಟಿಪ್ಪಣಿ ಅಧ್ಯಾಪಕರಿಗೆ ಚಿರಪರಿಚಿತವಾದ ವಸ್ತು. ಉದ್ದೇಶ, ಬೋಧನೋಪಕರಣ, ಪ್ರತಿಪಾದನೆ ಎಂದು ಅಂಕಣಗಳನ್ನೆಳೆದು, ಹಿಂದಿನ ವರ್ಷದ ಪುಸ್ತಕವನ್ನೇ ನಕಲಿಸಿ ಮುಖ್ಯೋಪಾಧ್ಯಾಯರ ರುಜುವಿಗೆ ಒಪ್ಪಿಸುವ ಪರಿಪಾಠವೂ ಅಷ್ಟೇ ಪರಿಚಿತ. ಜರ್ಮನಿಯ ಹರ್ಬಾರ್ಟನ (1776–1841) ಅನುಯಾಯಿಗಳು ರೂಪಿಸಿದ ಪಂಚಸೋಪಾನಗಳು ಶಿಕ್ಷಕರ ತರಬೇತಿಯ ಮೂಲಕ ಈ ದೇಶಕ್ಕೂ ಬಂದವು. ಅವುಗಳಲ್ಲಿ ಮೊದಲನೆಯದು ಮಗುವಿನ ಪೂರ್ವಜ್ಞಾನವನ್ನು ಎಚ್ಚರಗೊಳಿಸುವುದು. ರುಜುವಿನ ಆತುರದಲ್ಲಿ ಮೊದಲು ಲೋಪವಾಗುವುದೂ ಅದೇ.

ವಿರೂಪಾಕ್ಷಿಪುರದ ಮಗುವಿನ ಪೂರ್ವಜ್ಞಾನ ಯಾವುದು? ತಾಲ್ಲೂಕು ಕೇಂದ್ರವಾದ ಚನ್ನಪಟ್ಟಣದ ಬಣ್ಣದ ಬುಗುರಿ ಅದಕ್ಕೆ ಹೊಸದಲ್ಲ. ವಿಜ್ಞಾನದ ಅಧ್ಯಾಪಕರು ಘರ್ಷಣೆಯ ವ್ಯಾಖ್ಯೆಯನ್ನು ಕರಿಹಲಗೆಯ ಮೇಲೆ ಬರೆಯುವ ಮುನ್ನ ಬುಗುರಿಯನ್ನು ಮೇಜಿನ ಮೇಲಿಟ್ಟು, ‘ಈ ಬಣ್ಣವನ್ನು ಕುಂಚದಿಂದ ಬಳಿದರೇ?’ ಎಂದು ಕೇಳಲಿ. ಕುಂಚದ ಗೆರೆ ಎಲ್ಲಿಯೂ ಕಾಣದು. ಆಲೆಮರದ ತುಂಡು ಲೇತ್ ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ, ಘರ್ಷಣೆಯ ಶಾಖಕ್ಕೆ ಅರಗು ಮೆದುವಾಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಅಂಗೈಗಳನ್ನು ಉಜ್ಜಿ ಕೆನ್ನೆಗೆ ಹಿಡಿದು ನೋಡಿದ ಮಗುವಿಗೆ ವ್ಯಾಖ್ಯೆಯ ಅರ್ಧ ಭಾಗ ತಾನಾಗಿಯೇ ಹೊಳೆಯುತ್ತದೆ. ಇದಕ್ಕಾಗಿ ದಾನಿಗಳಿಂದ ಪ್ರಯೋಗಶಾಲೆಯನ್ನು ಬೇಡಬೇಕಾಗಿಲ್ಲ. ಅರಗು ಮರದ ಅಂಟಲ್ಲ, ಒಂದು ಕೀಟದ ಸ್ರಾವವೆಂಬ ಸಂಗತಿ ಮತ್ತೊಂದು ದಿನಕ್ಕೆ ಉಳಿಯಲಿ. ಎಲ್ಲವನ್ನೂ ಒಂದೇ ಅವಧಿಯಲ್ಲಿ ತುರುಕುವ ಉತ್ಸಾಹವೇ ಅನೇಕ ಒಳ್ಳೆಯ ಪಾಠಗಳನ್ನು ಕೆಡಿಸಿದೆ.

ಗಣಿತದಲ್ಲಿ, 3.5 ಸೆಂ.ಮೀ. ವ್ಯಾಸದ ಮರದ ಉರುಳೆಗೆ ದಾರ ಸುತ್ತಿ ಅಳೆದರೆ ಸುತ್ತೊಂದಕ್ಕೆ ಸುಮಾರು 11 ಸೆಂ.ಮೀ. ಬರುತ್ತದೆ. ಉರುಳೆ ಬದಲಾದರೂ ಅನುಪಾತ 22/7ರ ಬಳಿಯೇ ನಿಲ್ಲುವುದನ್ನು ಮಕ್ಕಳೇ ಕಂಡುಕೊಳ್ಳಬೇಕು. ಚರಿತ್ರೆಯ ಪಾಠದಲ್ಲಿ, ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದನೆಂಬ ಪ್ರಚಲಿತವಾದ ಮಾತನ್ನು ಹೇಳಿ ಮುಗಿಸದೆ, ಅದನ್ನು ನಂಬಲು ಎಂಥ ಆಧಾರ ಬೇಕೆಂದು ಕೇಳುವುದು ಯುಕ್ತ. ಐತಿಹ್ಯಕ್ಕೂ ಇತಿಹಾಸಕ್ಕೂ ಇರುವ ಅಂತರ ಅಲ್ಲಿ ತಿಳಿಯುತ್ತದೆ.

ಕನ್ನಡದ ವಿಚಾರದಲ್ಲಿ ಕೊಂಚ ನಿಲ್ಲಬೇಕು. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಮೊದಲು ಸೂತ್ರ, ಅನಂತರ ವೃತ್ತಿ, ಆಮೇಲೆ ಪ್ರಯೋಗ. ವಿದ್ವಾಂಸರಿಗೆ ಆ ಕ್ರಮವೇ ಸೊಗಸು. ಎಂಟನೆಯ ತರಗತಿಯಲ್ಲಿ ಅದನ್ನು ತಿರುಗಿಸಿ, ಪ್ರಯೋಗದಿಂದ ಸೂತ್ರಕ್ಕೆ ಏರುವುದೇ ಲೇಸು. ಬುಗುರಿಯ ಬಣ್ಣದಿಂದಲೇ ಆರಂಭಿಸಬಹುದು: ವರ್ಣ–ಬಣ್ಣ, ವನ–ಬನ, ವೀಥಿ–ಬೀದಿ. ವಕಾರವು ಬಕಾರವಾಗುವ ನಿಯಮವನ್ನು ಮಕ್ಕಳೇ ಹೇಳಿದ ಮೇಲೆ, ‘ಬಸವ ಎಂಬ ಹೆಸರು ಯಾವ ಶಬ್ದದಿಂದ ಬಂದಿತು?’ ಎಂದು ಕೇಳಬೇಕು. ಉತ್ತರ ‘ವೃಷಭ’. ಪ್ರತಿದಿನದ ಪ್ರಾರ್ಥನೆಯಲ್ಲಿ ಉಚ್ಚರಿಸುವ ಹೆಸರಿನಲ್ಲೇ ವ್ಯಾಕರಣ ಅಡಗಿತ್ತೆಂದು ಅರಿತ ಮಗುವಿಗೆ ತದ್ಭವಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ.

ಹಾಗೆಂದು ಬುಗುರಿ ಎಲ್ಲ ಕಡೆಗೂ ಸಲ್ಲದು. ಕಾವ್ಯಪಾಠಕ್ಕೆ ಉಪಕರಣಗಳ ಆಡಂಬರ ಬೇಡ, ಅಧ್ಯಾಪಕರ ಶುದ್ಧವಾದ ವಾಚನ ಸಾಕು.

ಟಿಪ್ಪಣಿಯ ಕೊನೆಯಲ್ಲಿ ಒಂದು ಅಂಕಣವನ್ನು ಖಾಲಿ ಬಿಡತಕ್ಕದ್ದು. ಯಾವ ಪ್ರಶ್ನೆಗೆ ಹಿಂದಿನ ಸಾಲು ಮೌನವಾಯಿತು, ಯಾವುದಕ್ಕೆ ಎಂದೂ ಮಾತಾಡದ ಹುಡುಗ ಕೈಯೆತ್ತಿದ ಎಂಬುದನ್ನು ಅದೇ ದಿನ ಸಂಜೆ ಅಲ್ಲಿ ಬರೆಯಬೇಕು. ಮುಖ್ಯೋಪಾಧ್ಯಾಯರ ರುಜು ಆ ಅಂಕಣದ ಕೆಳಗೆ ಬೀಳಲಿ.