ಸಾರಾಯಿ ನಿಂತ ನಾಡಿನಲ್ಲಿ ಮದ್ಯ

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟಕ್ಕೆ ನಿಷೇಧ ಬಂತು. ದಿನಗೂಲಿಯ ಬಹುಪಾಲನ್ನು ಸಂಜೆಯೊಳಗೆ ನುಂಗುತ್ತಿದ್ದ ಸಾರಾಯಿ ಪ್ಯಾಕೆಟ್ಟು ಹಳ್ಳಿಗಳಿಂದ ತೊಲಗಬೇಕೆಂಬುದು ಮಹಿಳಾ ಸಂಘಟನೆಗಳ ಬಹುಕಾಲದ ಬೇಡಿಕೆಯಾಗಿತ್ತಾದ್ದರಿಂದ ಆ ತೀರ್ಮಾನಕ್ಕೆ ವ್ಯಾಪಕ ಸ್ವಾಗತವೂ ದೊರೆಯಿತು. ಆದರೆ ಸಾರಾಯಿ ಅಂಗಡಿ ಮುಚ್ಚಿದ ಕಡೆಗಳಲ್ಲಿ ಕಡಿಮೆ ಬೆಲೆಯ ವಿಸ್ಕಿ, ಬ್ರಾಂದಿ, ರಮ್ಮುಗಳು ಆ ಜಾಗವನ್ನು ತುಂಬಿದವು. ಜನರ ಬಾಯಲ್ಲಿ ‘ನೈಂಟಿ’ ಎನಿಸಿಕೊಂಡಿರುವ 90 ಮಿಲಿಲೀಟರಿನ ಪುಟ್ಟ ರಟ್ಟಿನ ಪೊಟ್ಟಣ ಇಂದು ಹಿಂದಿನ ಪ್ಯಾಕೆಟ್ಟಿನ ಕೆಲಸವನ್ನೇ ಮಾಡುತ್ತಿದೆ. ಸಾರಾಯಿ ಕುಡಿದವನನ್ನು ಕುಡುಕನೆಂದೂ ಬ್ರಾಂಡ್ ಹೆಸರಿನ ಮದ್ಯ ಕುಡಿದವನನ್ನು ಸಭ್ಯನೆಂದೂ ಕಾಣುವ ಸಾಮಾಜಿಕ ಭೇದವು ಮದ್ಯದ ನಿಜವಾದ ಹಾನಿಯನ್ನು ಇಷ್ಟು ವರ್ಷ ಮರೆಮಾಡುತ್ತ ಬಂದಿದೆ. ಶರೀರಕ್ಕೆ ಆ ಭೇದ ಗೊತ್ತಿಲ್ಲ.

ಎಲ್ಲ ಬಗೆಯ ಮದ್ಯದಲ್ಲಿಯೂ ಅಮಲು ತರುವ ವಸ್ತು ಎಥನಾಲ್ ಒಂದೇ. ಆದ್ದರಿಂದಲೇ ವೈದ್ಯರು ಕುಡಿತವನ್ನು ಲೋಟದ ಲೆಕ್ಕದಲ್ಲಿ ಅಳೆಯದೆ ಎಥನಾಲಿನ ಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಭಾರತದಲ್ಲಿ ತಯಾರಾಗುವ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಎಥನಾಲ್ ಇರುವುದರಿಂದ 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ, ನೈಂಟಿಯಲ್ಲಿ 30 ಗ್ರಾಂ, 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ 60 ಗ್ರಾಂ ಎಥನಾಲ್ ಒಳಗೆ ಹೋಗುತ್ತದೆ. ‘ಬರೀ ಬಿಯರ್ ತಾನೇ’ ಎಂಬ ಸಮಾಧಾನವೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ, ಏಕೆಂದರೆ ಶೇ. 7ರಷ್ಟು ಎಥನಾಲ್ ಇರುವ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸುಮಾರು 36 ಗ್ರಾಂ, ಅಂದರೆ ನೈಂಟಿಗಿಂತಲೂ ಹೆಚ್ಚು ಎಥನಾಲ್ ಇರುತ್ತದೆ.

ಹೀಗೆ ಒಳಗೆ ಹೋದ ಎಥನಾಲಿನ ಬಹುಪಾಲನ್ನು ಕರಗಿಸುವ ಹೊಣೆ ಯಕೃತ್ತಿನದು, ಅಂದರೆ ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನಡಿ ಇರುವ ಪಿತ್ತಜನಕಾಂಗದ್ದು. ಸಾಮಾನ್ಯ ಆರೋಗ್ಯವಂತನ ಯಕೃತ್ತು ಗಂಟೆಗೆ ಹೆಚ್ಚೆಂದರೆ 7ರಿಂದ 10 ಗ್ರಾಂ ಎಥನಾಲನ್ನಷ್ಟೇ ಕರಗಿಸಬಲ್ಲದು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರಿನ ಸ್ನಾನ ಇವುಗಳಲ್ಲಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತರ ಸುಮಾರಿಗೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದ ಚಾಲಕನು ನಿದ್ದೆ ಮಾಡಿ ಎದ್ದೆನೆಂಬ ಧೈರ್ಯದಲ್ಲಿ ಬೆಳಗಿನ ಐದಕ್ಕೆ ಲಾರಿಯನ್ನು ಹೊರಡಿಸಿದರೆ ಅವನ ರಕ್ತದಲ್ಲಿ ಆಗಲೂ ಮದ್ಯ ಉಳಿದಿರಬಹುದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ವಾಹನ ಚಲಾಯಿಸುವುದು ಅಪರಾಧವೆಂದು ಮೋಟಾರು ವಾಹನ ಕಾಯಿದೆ ಹೇಳುವುದು ರಾತ್ರಿಗೆ ಮಾತ್ರವಲ್ಲ, ಬೆಳಗಿಗೂ ಅನ್ವಯಿಸುತ್ತದೆ.

ಯಕೃತ್ತು ಎಥನಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಆಮೇಲೆ ನಿರುಪದ್ರವಿಯಾದ ಅಸಿಟೇಟ್ ಆಗಿ ಮಾರ್ಪಡಿಸುತ್ತದೆ. ನಡುವಿನ ಈ ಅಸಿಟಾಲ್ಡಿಹೈಡ್ ಜೀವಕೋಶಗಳ ವಂಶವಾಹಿ ವಸ್ತುವಾದ ಡಿಎನ್‌ಎಯನ್ನು ಕೆಡಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ ಇವುಗಳ ಕ್ಯಾನ್ಸರಿಗೆ ಮದ್ಯವೂ ಒಂದು ಕಾರಣ, ಮತ್ತು ಕುಡಿತದ ಜೊತೆಗೆ ತಂಬಾಕೂ ಇದ್ದರೆ ಬಾಯಿ ಗಂಟಲುಗಳ ಅಪಾಯ ಹಲವು ಪಟ್ಟು ಏರುತ್ತದೆ. ಯಕೃತ್ತಿನ ಕಥೆ ಇನ್ನೂ ಮೋಸದ್ದು. ಮೊದಲು ಅದರಲ್ಲಿ ಕೊಬ್ಬು ತುಂಬುತ್ತದೆ, ಬಳಿಕ ಉರಿಯೂತ ಬರುತ್ತದೆ, ಕೊನೆಗೆ ಮೃದುವಾದ ಅಂಗಾಂಶದ ಜಾಗದಲ್ಲಿ ಗಾಯದ ಕಲೆಯಂತಹ ಗಡಸು ನಾರು ಬೆಳೆದು ಸಿರೋಸಿಸ್ ಎಂಬ ಸ್ಥಿತಿ ಉಂಟಾಗುತ್ತದೆ. ಮೊದಲ ಹಂತದಲ್ಲಿ ನೋವೇ ಇರುವುದಿಲ್ಲವಾದ್ದರಿಂದ, ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತವಾಂತಿಯಾಗಿ ಆಸ್ಪತ್ರೆ ಸೇರುವವರಲ್ಲಿ ಹೆಚ್ಚಿನವರ ಯಕೃತ್ತು ಅಷ್ಟರಲ್ಲಿ ಹಿಂದಿರುಗಲಾರದ ಹಂತಕ್ಕೆ ಹೋಗಿರುತ್ತದೆ. ಕೊಬ್ಬು ತುಂಬಿದ ಹಂತದಲ್ಲಿಯೇ ಕುಡಿತ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಯಕೃತ್ತು ಚೇತರಿಸಿಕೊಳ್ಳುತ್ತದೆಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಮಿದುಳಿನ ಮೇಲಿನ ಪರಿಣಾಮವನ್ನು ಸಮಾಜ ಇನ್ನೂ ಸರಿಯಾಗಿ ಅರ್ಥಮಾಡಿಕೊಂಡಿಲ್ಲ. ಮದ್ಯವು ಮಿದುಳನ್ನು ಶಾಂತಗೊಳಿಸುವ ರಾಸಾಯನಿಕಗಳ ಬಲವನ್ನು ಹೆಚ್ಚಿಸಿ ಕೆರಳಿಸುವವುಗಳ ಬಲವನ್ನು ಕುಗ್ಗಿಸುತ್ತದೆ. ದಿನವೂ ಕುಡಿಯುವವನ ಮಿದುಳು ಇದನ್ನು ಸರಿದೂಗಿಸಲು ತನ್ನ ಕೆರಳಿಕೆಯ ಮಟ್ಟವನ್ನೇ ಏರಿಸಿಕೊಳ್ಳುತ್ತದೆ. ‘ಎಷ್ಟು ಕುಡಿದರೂ ಅಲುಗಾಡದ ಗಟ್ಟಿಗ’ ಎಂಬ ಹೊಗಳಿಕೆ ಹುಟ್ಟುವುದು ಈ ಹಂತದಲ್ಲಿ, ಮತ್ತು ವಾಸ್ತವದಲ್ಲಿ ಅದು ರೋಗದ ಆರಂಭದ ಸೂಚನೆ. ಅಂಥವನು ಒಮ್ಮೆಲೇ ಕುಡಿತ ನಿಲ್ಲಿಸಿದರೆ, ಕಡಿವಾಣ ಕಳಚಿದ ಮಿದುಳು ಕೈನಡುಕ, ಬೆವರು, ನಿದ್ರಾನಾಶ, ಕೆಲವೊಮ್ಮೆ ಮೂರ್ಛೆಗೆ ದಾರಿಮಾಡುತ್ತದೆ; ಎರಡು ಮೂರು ದಿನಗಳ ಬಳಿಕ ಇಲ್ಲದ್ದನ್ನು ಕಂಡಂತೆ, ಕೇಳಿದಂತೆ ಬಡಬಡಿಸುವ ಸನ್ನಿಯೂ ಹಿಡಿಯಬಹುದು, ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣವನ್ನೂ ತೆಗೆಯಬಲ್ಲದು. 2020ರ ಮಾರ್ಚ್ ಕೊನೆಯ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಹಠಾತ್ತನೆ ಮುಚ್ಚಿದಾಗ ಆಸ್ಪತ್ರೆಗಳು ಇಂತಹ ರೋಗಿಗಳನ್ನು ಕಂಡವು, ಆತ್ಮಹತ್ಯೆಗಳೂ ವರದಿಯಾದವು. ಮೇ 4ರಂದು ಅಂಗಡಿ ತೆರೆದಾಗ ಕಂಡ ಉದ್ದನೆಯ ಸಾಲುಗಳನ್ನು ನೋಡಿ ಅನೇಕರು ನಕ್ಕರು, ಆದರೆ ಆ ಸಾಲುಗಳಲ್ಲಿ ನಿಂತವರಲ್ಲಿ ರೋಗಿಗಳೂ ಇದ್ದರು.

ಕಳ್ಳಭಟ್ಟಿಯ ದುರಂತಗಳದು ಬೇರೆಯೇ ಅಧ್ಯಾಯ. ಬೆಂಗಳೂರಿನಲ್ಲಿ 1981ರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು, ಸಾರಾಯಿ ನಿಷೇಧದ ಮರುವರ್ಷ 2008ರ ಮೇ ತಿಂಗಳಿನಲ್ಲಿ ಬೆಂಗಳೂರು ಸುತ್ತಮುತ್ತ ಹಾಗೂ ತಮಿಳುನಾಡಿನ ಗಡಿಭಾಗದಲ್ಲಿ 150ಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡದ್ದು ಮಿಥನಾಲ್ ಬೆರೆತ ಮದ್ಯ. ಕೈಗಾರಿಕೆಗಳಲ್ಲಿ ಬಳಸುವ ಈ ದ್ರವವು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುವುದರಿಂದ ಬದುಕುಳಿದವರಲ್ಲಿಯೂ ಹಲವರು ದೃಷ್ಟಿ ಕಳೆದುಕೊಳ್ಳುತ್ತಾರೆ. ಸತ್ತವರು ಬಹುಮಟ್ಟಿಗೆ ಕೂಲಿಕಾರರು.

ಆದರೆ ಕುಡಿತದ ದೊಡ್ಡ ಭಾರ ಬೀಳುವುದು ಕುಡಿಯದವರ ಮೇಲೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಒಬ್ಬ ಮಹಿಳೆಗೆ ಪ್ರತಿಯಾಗಿ 17 ಪುರುಷರು ಕುಡಿಯುತ್ತಾರೆ. ಕುಡಿಯುವವರು ಗಂಡಸರು, ಉಣ್ಣಲಿಕ್ಕಿಲ್ಲದವರು ಹೆಂಗಸರು, ಮಕ್ಕಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡ ಆಗಾಗ ಕುಡಿದು ಅಮಲೇರಿಸಿಕೊಳ್ಳುವ ಮಹಿಳೆಯರಲ್ಲಿ ಶೇ. 70ರಷ್ಟು ಮಂದಿ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು. ಗಂಡ ಕುಡಿಯದವರಲ್ಲಿ ಆ ಪ್ರಮಾಣ ಶೇ. 23. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದು ಜನವರಿ 30ರಂದು ರಾಜಧಾನಿ ಮುಟ್ಟಿದ್ದನ್ನು ಈ ಅಂಕಿಗಳ ಜೊತೆಗಿಟ್ಟು ನೋಡಬೇಕು. ಪರವಾನಗಿ ಇಲ್ಲದೆ ಕಿರಾಣಿ ಅಂಗಡಿ, ಗೂಡಂಗಡಿಗಳಲ್ಲಿ ನಡೆಯುವ ಅಕ್ರಮ ಮಾರಾಟದಿಂದ ಮದ್ಯ ಮನೆಬಾಗಿಲಿಗೇ ಬಂದಿದೆ ಎಂಬ ದೂರು ಇಂದಿಗೂ ಹಳ್ಳಿಗಳಲ್ಲಿ ಕೇಳಿಬರುತ್ತದೆ.

ಸರ್ಕಾರದ ಕೈ ಕಟ್ಟಿಹಾಕಿರುವುದು ವರಮಾನ. ಮದ್ಯ ಪಾನವನ್ನು ತಡೆಯಲು ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ನಿರ್ದೇಶಿಸುತ್ತದೆ. ಆದರೆ ಕುಡಿಯುವ ಮದ್ಯವು ಜಿಎಸ್‌ಟಿಯ ಹೊರಗಿದ್ದು, ರಾಜ್ಯಗಳು ತಮ್ಮಿಚ್ಛೆಯಂತೆ ತೆರಿಗೆ ಏರಿಸಬಹುದಾದ ಕೆಲವೇ ಬಾಬುಗಳಲ್ಲಿ ಒಂದಾಗಿದೆ. ಕರ್ನಾಟಕದ ಅಬಕಾರಿ ವರಮಾನ 2023-24ರಲ್ಲಿ 34,000 ಕೋಟಿ ರೂಪಾಯಿ ದಾಟಿತು. ಅಪಘಾತ, ಆಸ್ಪತ್ರೆ ಖರ್ಚು, ತಪ್ಪಿದ ದುಡಿಮೆ, ಶಾಲೆ ಬಿಟ್ಟ ಮಕ್ಕಳು ಇವೆಲ್ಲ ಬೇರೆ ಬೇರೆ ಇಲಾಖೆಗಳ, ಬೇರೆ ಬೇರೆ ಮನೆಗಳ ಲೆಕ್ಕದಲ್ಲಿ ಚದುರಿಹೋಗುವುದರಿಂದ ಈ ಮೊತ್ತದ ಎದುರು ಯಾರೂ ಅವುಗಳನ್ನು ಕೂಡಿಸಿ ಇಡುವುದಿಲ್ಲ.

ಚಿಕಿತ್ಸೆಯ ಸ್ಥಿತಿಯಂತೂ ನೋವು ತರುವಂಥದ್ದು. ಅದೇ 2019ರ ವರದಿಯಂತೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ನೆರವು ಸಿಕ್ಕಿದೆ. ಉಳಿದವರ ಮನೆಯವರನ್ನೇ ಗುರಿಯಾಗಿಸಿ, ಕುಡಿಯುವವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಬಹುದಾದ ಔಷಧದ ಜಾಹೀರಾತುಗಳು ಗೋಡೆಗಳ ಮೇಲೆ ಕಾಣುತ್ತವೆ. ವೈದ್ಯರು ಬಳಸುವ ಡೈಸಲ್ಫಿರಾಂ ಎಂಬ ಮಾತ್ರೆ ಅಸಿಟಾಲ್ಡಿಹೈಡ್ ಕರಗದಂತೆ ತಡೆಯುತ್ತದೆಯಾದ್ದರಿಂದ, ಅದನ್ನು ನುಂಗಿದವನು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ತಿಳಿಸಿ, ಅವನ ಒಪ್ಪಿಗೆಯಿಂದ ಕೊಡಬೇಕಾದ ಇಂತಹ ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಕಲಸಿ ಬಡಿಸಿದರೆ ಆತನ ಜೀವಕ್ಕೇ ಕುತ್ತು ಬರಬಹುದು. ಜಿಲ್ಲಾಸ್ಪತ್ರೆಗಳ ಮನೋವೈದ್ಯರು ಸನ್ನಿ, ಮೂರ್ಛೆಗಳಾಗದಂತೆ ಔಷಧ ಮತ್ತು ಬಿ1 ಜೀವಸತ್ವ ಕೊಟ್ಟು ಸುಮಾರು ಒಂದು ವಾರದಲ್ಲಿ ದೇಹವನ್ನು ಮದ್ಯದಿಂದ ಬಿಡಿಸಬಲ್ಲರು; ಮತ್ತೆ ಕುಡಿಯಬೇಕೆಂಬ ಸೆಳೆತ ಮಾತ್ರ ತಿಂಗಳುಗಟ್ಟಲೆ ಇರುತ್ತದೆ, ನಡುವೆ ಒಮ್ಮೆ ಜಾರಿದರೆ ಚಿಕಿತ್ಸೆ ಸೋತಿತೆಂದು ತಿಳಿಯಬೇಕಿಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕುಡಿಯುವವನೇ ಕರೆ ಮಾಡಬೇಕೆಂದೇನೂ ಇಲ್ಲ. ಅವನ ಹೆಂಡತಿಯೋ ತಾಯಿಯೋ ಮಗಳೋ ಕರೆ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.