ಕಳ್ಳಿಕಾಡಿನ ನೀಲಿ

ನಡುರಾತ್ರಿ. ತಿರುವಾಂಕೂರಿನ ತೆಂಕಣ ಕಾಡುದಾರಿಯಲ್ಲಿ ದಾರಿಗನೊಬ್ಬ ಒಂಟಿಯಾಗಿ ನಡೆದಿದ್ದಾನೆ. ಬಿಳಿಯ ವಸ್ತ್ರವುಟ್ಟು ಮುಡಿ ಬಿಚ್ಚಿ ನಿಂತ ಸುಂದರಿಯೊಬ್ಬಳು ಮೆಲ್ಲನೆ ಕೇಳುತ್ತಾಳೆ: “ಎಲೆಗೆ ಹಚ್ಚಲು ತುಸು ಸುಣ್ಣವಿದೆಯೆ?” ಅಷ್ಟೇ. ಆಕೆಯ ಬೆನ್ನುಹತ್ತಿದವನ ಕಣ್ಣಿಗೆ ತಾಳೆಯ ಮರವೇ ಉಪ್ಪರಿಗೆಯ ಮನೆಯಾಗಿ ತೋರುತ್ತದೆ. ಬೆಳಗಾದಾಗ ಮರದ ಬುಡದಲ್ಲಿ ಉಳಿದಿರುವುದು ನಾಲ್ಕು ಉಗುರು, ಒಂದಿಷ್ಟು ಕೂದಲು.

ಕೇರಳದ ಅಜ್ಜಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದ ಯಕ್ಷಿಯ ಕಥೆ ಇದು. ಯಕ್ಷಿಯರಲ್ಲೆಲ್ಲ ಹೆಸರುವಾಸಿಯಾದವಳು ಕಳ್ಳಿಯಂಕಾಟ್ಟು ನೀಲಿ. ಕಳ್ಳಿಗಿಡಗಳ ಕಾಡಿನ ನೀಲಿ ಎಂದರ್ಥ. ಕನ್ನಡಿಗರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಈ ನೀಲಿಯೇ 2025ರ ಆಗಸ್ಟ್ 28ರಂದು, ಓಣಂ ಹಬ್ಬದ ಹೊತ್ತಿಗೆ, ‘ಲೋಕಃ ಚಾಪ್ಟರ್ 1: ಚಂದ್ರ’ ಎಂಬ ಮಲೆಯಾಳ ಚಿತ್ರದ ನಾಯಕಿಯಾಗಿ ಬೆಳ್ಳಿತೆರೆಗೆ ಬಂದಳು. ನಿರ್ದೇಶಕರು ಡೊಮಿನಿಕ್ ಅರುಣ್. ನಿರ್ಮಾಪಕರು ನಟ ದುಲ್ಖರ್ ಸಲ್ಮಾನ್. ನೀಲಿಯ ಪಾತ್ರ ಕಲ್ಯಾಣಿ ಪ್ರಿಯದರ್ಶನ್ ಅವರದು. ಗಳಿಕೆಯಲ್ಲಿ ಈ ಚಿತ್ರ ಅದುವರೆಗಿನ ಮಲೆಯಾಳ ಚಿತ್ರಗಳನ್ನೆಲ್ಲ ಹಿಂದಿಕ್ಕಿತು. ಆದರೆ ನಾವು ಇಲ್ಲಿ ಮಾತನಾಡಬೇಕಾದದ್ದು ಹಣದ ವಿಚಾರವನ್ನಲ್ಲ. ಒಂದು ಮೊಳೆಯ ವಿಚಾರವನ್ನು.

ಕೊಟ್ಟಾರತ್ತಿಲ್ ಶಂಕುಣ್ಣಿ (1855–1937) ಎಂಬ ವಿದ್ವಾಂಸರು ಕೇರಳದ ಐತಿಹ್ಯಗಳನ್ನು ಕಲೆಹಾಕಿ ‘ಐತಿಹ್ಯಮಾಲೆ’ಯನ್ನು ರಚಿಸಿದರು. ಎಂಟು ಸಂಪುಟಗಳ ಈ ಕೃತಿಯ ಕಥೆಗಳು ಮೊದಲು ಬೆಳಕು ಕಂಡದ್ದು ‘ಭಾಷಾಪೋಷಿಣಿ’ ಎಂಬ ಪತ್ರಿಕೆಯಲ್ಲಿ. ಪತ್ರಿಕೆಗಳ ಓದುಗರಾದ ನಾವು ಸ್ವಲ್ಪ ಹೆಮ್ಮೆಪಟ್ಟುಕೊಳ್ಳಬಹುದಾದ ಸಂಗತಿ! ಅದರಲ್ಲಿ ಬರುವ ಕಡಮಟ್ಟತ್ತು ಕತ್ತನಾರ್ ಮಂತ್ರವಿದ್ಯೆಯಲ್ಲಿ ಪಳಗಿದ ಸಿರಿಯನ್ ಕ್ರೈಸ್ತ ಪಾದ್ರಿ. ದಾರಿಗರನ್ನು ಕಾಡುತ್ತಿದ್ದ ಯಕ್ಷಿಯ ನೆತ್ತಿಗೆ ಅವನು ಒಂದು ಕಬ್ಬಿಣದ ಮೊಳೆಯನ್ನು ಹೊಡೆಯುತ್ತಾನೆ. ಮರುಕ್ಷಣವೇ ಆಕೆ ಸಾಧುವಾದ ಹೆಣ್ಣಾಗಿ ಅವನ ಹಿಂದೆ ನಡೆಯುತ್ತಾಳೆ; ಅವನ ಬಂಧುವಿನ ಮನೆ ಸೇರುತ್ತಾಳೆ. ಅಲ್ಲಿ ಒಬ್ಬ ಮುದುಕಿ ಅಕ್ಕರೆಯಿಂದ ತಲೆ ಬಾಚುತ್ತಿರುವಾಗ ಕೈಗೆ ಮೊಳೆ ತಗಲುತ್ತದೆ. ಅಯ್ಯೋ ಪಾಪ, ಎಂದು ಕಿತ್ತೊಡನೆ ಯಕ್ಷಿ ಮಾಯ! ಶಂಕುಣ್ಣಿಯವರ ಕಥೆಯಲ್ಲಿ ಆಕೆ ಕೊನೆಗೆ ಪನಯನ್ನಾರ್‌ಕಾವಿನಲ್ಲಿ ನೆಲೆಗೊಳ್ಳುತ್ತಾಳೆ. ಜನರ ನಾಲಗೆಯಲ್ಲಿ ಈ ಯಕ್ಷಿಯೂ ನೀಲಿಯೂ ಒಂದಾಗಿಬಿಟ್ಟಿದ್ದಾರೆ.

ಮೊಳೆ ಹೊಡೆದ ಪಾದ್ರಿಯ ಹೆಸರು, ಊರು ಎಲ್ಲವೂ ಕಥೆಯಲ್ಲಿವೆ. ಮೊಳೆ ಹೊಡೆಸಿಕೊಂಡವಳು ಮೊದಲು ಯಾರಾಗಿದ್ದಳು? ಕನ್ಯಾಕುಮಾರಿಯ ಕಡೆಯ ಜನಪದರು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದರು. ಅವರ ಕಥೆಯಲ್ಲಿ ನೀಲಿ ಹಿಂದಿನ ಜನ್ಮದಲ್ಲಿ ದೇವದಾಸಿಯ ಮಗಳು. ನಂಬಿದ ಅರ್ಚಕನೇ ಒಡವೆಯಾಸೆಗೆ ಆಕೆಯನ್ನು ಕಳ್ಳಿಗಿಡದ ಬಳಿ ಕೊಂದುಹಾಕಿದ. ಆದರೆ ಬಿಳಿ ಸೀರೆಯ ಭಯವೇ ಮುಂದೆ ಬೆಳೆಯಿತು. ಅಳಲು ಹಿಂದೆ ಸರಿಯಿತು.

‘ಲೋಕಃ’ ಚಿತ್ರದ ಹೊಸತನವಿರುವುದು ಇಲ್ಲಿ. ಇದರ ನೀಲಿ ಗುಡ್ಡಗಾಡಿನವರ ಮನೆಯ ಹುಡುಗಿ. ಅವಳ ಜನರು ದೇವಾಲಯದೊಳಕ್ಕೆ ಕಾಲಿಡಬಾರದೆಂಬುದು ಅರಸನ ಕಟ್ಟಳೆ. ಕಾಲಿಟ್ಟ ತಪ್ಪಿಗೆ ಅವಳ ಜನರನ್ನು ಕೊಲ್ಲಿಸುತ್ತಾನೆ. ಪ್ರಾಣಭಯದಿಂದ ಗುಹೆ ಹೊಕ್ಕ ಬಾಲೆಯನ್ನು ಬಾವಲಿಗಳು ಕಚ್ಚುತ್ತವೆ; ಅಲ್ಲಿಂದ ಹೊರಬರುವವಳು ಬೇರೆಯೇ ಒಬ್ಬಳು. ಕತ್ತನಾರ್ ಈ ಚಿತ್ರದಲ್ಲಿಯೂ ಇದ್ದಾನೆ. ಆದರೆ ಅವನು ಮೊಳೆ ಹಿಡಿದು ಬರುವುದಿಲ್ಲ; ಅವಳ ಬಲವನ್ನು ಒಳಿತಿನ ದಾರಿಗೆ ಹಚ್ಚುವ ಹಿರಿಯನಾಗಿ ಬರುತ್ತಾನೆ.

ಬಾವಲಿಯ ಕಥೆ ಕಲ್ಪನೆಯದು. ಗುಡಿಯ ಬಾಗಿಲಿನ ಕಥೆ ಕಲ್ಪನೆಯದಲ್ಲ. ವೈಕ್ಕಂನಲ್ಲಿ ದೇವಾಲಯದ ಒಳಗಿರಲಿ, ಸುತ್ತಲಿನ ಬೀದಿಗಳಲ್ಲಿಯೂ ಈಳವ, ಪುಲಯ ಮೊದಲಾದವರು ನಡೆಯುವಂತಿರಲಿಲ್ಲ. 1924ರ ಮಾರ್ಚ್ 30ರಂದು ಅಲ್ಲಿ ಸತ್ಯಾಗ್ರಹ ಆರಂಭವಾಯಿತು. ಮೊದಲ ದಿನ ಮುಂದೆ ಹೆಜ್ಜೆಯಿಟ್ಟು ಬಂಧಿತರಾದವರು ಕುಂಞಪ್ಪಿ, ಬಾಹುಲೇಯನ್, ಗೋವಿಂದ ಪಣಿಕ್ಕರ್ ಎಂಬ ಮೂವರು. ಒಬ್ಬ ಪುಲಯ, ಒಬ್ಬ ಈಳವ, ಒಬ್ಬ ನಾಯರ್. ಒಂದೂವರೆ ವರ್ಷಕ್ಕೂ ಮಿಕ್ಕಿ ಹೋರಾಡಿದ ಮೇಲೆ ದೊರೆತದ್ದು ಮೂರು ದಿಕ್ಕಿನ ಬೀದಿಗಳು ಮಾತ್ರ. ಮೂಡಣ ಬೀದಿ ಆಗಲೂ ದೊರೆಯಲಿಲ್ಲ. ತಿರುವಾಂಕೂರಿನ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರ ನವೆಂಬರ್ 12ರ ರಾಜಘೋಷಣೆಯಿಂದ.

ಚಿತ್ರದ ಹೆಚ್ಚಿನ ಭಾಗ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. ಚಂದ್ರ ಎಂಬ ಹೆಸರು ಹೊತ್ತು, ಬಿಸಿಲಿಗೆ ಮುಖಕೊಡದೆ, ರಾತ್ರಿಯಲ್ಲಿ ದುಡಿಯುವ ಯುವತಿಯಾಗಿ ನೀಲಿ ಇಲ್ಲಿ ಬಾಳುತ್ತಾಳೆ. ಹಿಂದೊಮ್ಮೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳುಹಿಸಿದ ಊರು, ಯಕ್ಷಿಗೆ ಬಾಡಿಗೆಯ ಮನೆ ಕೊಟ್ಟದ್ದು ತಮಾಷೆಯೇ ಸರಿ. ಅಂಗಾಂಗ ಕಳ್ಳಸಾಗಣೆಯ ದುರುಳರು, ಹೊಡೆದಾಟಗಳು ಎಲ್ಲವೂ ಕಣ್ಣಿಗೆ ಹಬ್ಬವಾಗಿವೆ. ನಗರದ ಹೆಣ್ಣುಮಕ್ಕಳನ್ನು ಕುರಿತ ಒಂದು ಮಾತು ಕನ್ನಡಿಗರ ಮನನೋಯಿಸಿದಾಗ ನಿರ್ಮಾಪಕರು ಕ್ಷಮೆ ಕೋರಿದರು. ನನ್ನ ಆಕ್ಷೇಪಣೆ ಬೇರೆ. ಕಾಡಿನ ಆ ಹಿಂದಿನ ಕಥೆ ಬಲು ಬೇಗ ಮುಗಿದುಹೋಗುತ್ತದೆ. ಕೊನೆಯ ಹೊಡೆದಾಟದಲ್ಲಿ ಹತ್ತು ನಿಮಿಷ ಕಡಿಮೆ ಮಾಡಿ ಗುಡಿಯ ಮುಂದಿನ ಆ ಜನರಿಗೆ ಕೊಟ್ಟಿದ್ದರೆ ಚಿತ್ರದ ತೂಕ ಇಮ್ಮಡಿಯಾಗುತ್ತಿತ್ತು.

ಬೆಂಗಳೂರಿನ ಚಿತ್ರಮಂದಿರದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವರು ಒಬ್ಬ ಮಲೆಯಾಳಿ ಅಜ್ಜಿ ಮತ್ತು ಎಂಟು ವರ್ಷದ ಮೊಮ್ಮಗಳು. ವಿರಾಮದ ನಂತರವೂ ಅಜ್ಜಿಯ ಮನಸ್ಸು ಕಥೆಯ ಮೊಳೆಯ ಮೇಲೆಯೇ ಇತ್ತು. “ನಮ್ಮ ಅಮ್ಮ ಹೇಳುವಾಗ ಮೊಳೆ ಹೊಡೆದಲ್ಲಿಗೆ ಕಥೆ ಮುಗಿಯುತ್ತಿತ್ತು, ನಾವು ನಿದ್ದೆ ಹೋಗುತ್ತಿದ್ದೆವು” ಎಂದು ನನ್ನ ಕಡೆ ತಿರುಗಿ ನಕ್ಕರು. ಮೊಮ್ಮಗಳು ಅವರ ಸೆರಗು ಜಗ್ಗಿದಳು.

“ಅಮ್ಮಮ್ಮಾ, ಗುಡಿಯೊಳಗೆ ಹೋದರೆ ಯಾಕೆ ಕೊಲ್ಲಬೇಕು?”

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಮನೆಗೆ ಹೋದ ಮೇಲೆ ಹೇಳುತ್ತೇನೆ, ಎಂದರು.